ಕ್ಲಚ್ ಅಣ್ಣನದು, ಗೇರ್ ಅತ್ತಿಗೆಯದು

ನಮ್ಮಣ್ಣನ ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರನ್ನು ನಾನು ಎಂದೂ ಕಾರು ಎಂದು ಕರೆದವಳಲ್ಲ. ಡಬ್ಬಾ ಎನ್ನುತ್ತಿದ್ದೆ. ಹೊಸ ಸ್ಪೋರ್ಟ್ಸ್ ಕಾರುಗಳ ವರ್ಕ್‌ಶಾಪಿನಲ್ಲಿ ಹದಿನೆಂಟು ವರ್ಷದಿಂದ ಮೆಕ್ಯಾನಿಕ್ ಆಗಿರುವವಳಿಗೆ ಅಷ್ಟಾದರೂ ಕೊಬ್ಬು ಇರಬೇಡವೇ? ನಮ್ಮ ಕಾರುಗಳು ಎಷ್ಟು ವೇಗದಲ್ಲಿ ಹೋದರೂ ತುಟಿ ಪಿಟಕ್ಕೆನ್ನುವುದಿಲ್ಲ. ಗೇರು ತನ್ನಷ್ಟಕ್ಕೆ ತಾನೇ ಬದಲಾಗುತ್ತದೆ, ಒಳಗೆ ಕೂತವರಿಗೆ ಗೊತ್ತೂ ಆಗುವುದಿಲ್ಲ.

“ಗೊತ್ತೇ ಆಗದಿದ್ರೆ ಓಡಿಸೋದ್ಯಾಕೆ, ಇಂಜಿನಿಯರಮ್ಮಾ? ಮನೇಲಿ ಸೋಫಾ ಮೇಲೆ ಕೂತ್ಕೊಂಡ್ರಾಯ್ತು” ಎನ್ನುತ್ತಿದ್ದ ಅಣ್ಣ. ನಾನು ಇಂಜಿನಿಯರ್ ಅಲ್ಲ. ಕೆಣಕಲೆಂದೇ ಹಾಗೆ ಕರೆಯುತ್ತಿದ್ದ.

ಆ ಕಾರಿನಲ್ಲಿ ಒಂದು ವಿಚಿತ್ರ ಏರ್ಪಾಡಿತ್ತು. ಕ್ಲಚ್ ಒತ್ತುವುದು ಅಣ್ಣ, ಗೇರ್ ಹಾಕುವುದು ಪಕ್ಕದ ಸೀಟಿನಲ್ಲಿ ಕೂತ ಅತ್ತಿಗೆ. ಮದುವೆಯ ಹೊಸದರಲ್ಲಿ ಅಣ್ಣನ ಕೈ ಮುರಿದಿದ್ದಾಗ ಶುರುವಾದದ್ದು, ಕೈ ಕೂಡಿಕೊಂಡ ಮೇಲೂ ನಿಲ್ಲಲಿಲ್ಲ. ಮಾತಿಲ್ಲ, ಸನ್ನೆಯಿಲ್ಲ. ಅತ್ತಿಗೆಯ ಅಂಗೈ ಗೇರಿನ ಮೇಲಿರುತ್ತಿತ್ತು. ಇಂಜಿನ್ನಿನ ನಡುಕ ಅಂಗೈಗೆ ಬರುತ್ತಿತ್ತು. ಅವನು ಕ್ಲಚ್ ಒತ್ತಿದೊಡನೆ ಆ ನಡುಕ ಬದಲಾಗುತ್ತಿತ್ತು, ಅತ್ತಿಗೆ ಗೇರ್ ಹಾಕುತ್ತಿದ್ದರು. ಅತ್ತಿಗೆಗೆ ಡ್ರೈವಿಂಗ್ ಬರುವುದಿಲ್ಲ. ಆದರೂ ಇಪ್ಪತ್ತಾರು ವರ್ಷ, ಪ್ರತಿ ಭಾನುವಾರ ಬೆಳಿಗ್ಗೆ, ಬೆಟ್ಟದ ರಸ್ತೆಯಲ್ಲಿ ಇಬ್ಬರೂ ಸೇರಿ ಒಂದು ಕಾರು ಓಡಿಸಿದರು. ಹಿಂದೆ ಸೀಟೇ ಇಲ್ಲದ್ದರಿಂದ ನನಗಲ್ಲಿ ಜಾಗವಿರಲಿಲ್ಲ. ಹೊಟ್ಟೆಕಿಚ್ಚಿರಲಿಲ್ಲ ಎಂದರೆ ಸುಳ್ಳಾದೀತು.

ಅಣ್ಣ ತೀರಿಹೋಗಿ ಹತ್ತು ತಿಂಗಳಾದ ಮೇಲೆ ಅತ್ತಿಗೆ ಫೋನ್ ಮಾಡಿದರು.

“ಕಾರು ನಿಂತೇ ಇದೆ ಕಣೇ. ಒಂದ್ಸಲ ಬೆಟ್ಟಕ್ಕೆ ಕರ್ಕೊಂಡು ಹೋಗ್ತೀಯಾ? ನೀನು ಕ್ಲಚ್ ಒತ್ತು, ನಾನು ಗೇರ್ ಹಾಕ್ತೀನಿ. ಅವರು ಪಕ್ಕದಲ್ಲಿದ್ದ ಹಾಗಾಗುತ್ತೆ. ಇನ್ನೇನೂ ಬೇಡ.”

ಇನ್ನೇನೂ ಬೇಡ ಎಂದರೂ ನನ್ನ ಕೈ ಸುಮ್ಮನಿರಬೇಕಲ್ಲ! ಬದುಕಿದ್ದಾಗ ಅಣ್ಣ ಆ ಕಾರಿನ ಒಂದು ನಟ್ಟು ಮುಟ್ಟಲೂ ಬಿಟ್ಟಿರಲಿಲ್ಲ. ವರ್ಕ್‌ಶಾಪಿಗೆ ತಂದು ಮೂರು ವಾರ ಅದರ ಮೇಲೇ ಬಿದ್ದಿದ್ದೆ. ಇಂಜಿನ್ ಕೂರುವ ರಬ್ಬರುಗಳು ಕಲ್ಲಾಗಿದ್ದವು. ಮೆತ್ತನೆಯ ಹೊಸವನ್ನು ಹಾಕಿದೆ. ಗೇರ್ ಲಿವರಿನ ಬುಡದಲ್ಲಿ ಅಲುಗಾಟ ತಡೆಯುವ ಬುಷ್ ಇರಬೇಕಾದ ಕಡೆ ಅಣ್ಣ ತನ್ನ ಹಳೇ ಸೊಂಟದ ಬೆಲ್ಟಿನಿಂದ ಕತ್ತರಿಸಿದ ಚರ್ಮದ ಬಿಲ್ಲೆ ತುರುಕಿದ್ದ. ನಕ್ಕು ಅದನ್ನೂ ಕಿತ್ತು ನೈಲಾನ್ ಬುಷ್ ಕೂರಿಸಿದೆ.

ನಮ್ಮಲ್ಲಿ ಒಂದು ಕಟ್ಟುನಿಟ್ಟು ಉಂಟು. ಬಿಚ್ಚಿದ ಪ್ರತಿಯೊಂದು ಹಳೇ ಸಾಮಾನನ್ನೂ ಚೀಲಕ್ಕೆ ಹಾಕಿ, ಚೀಟಿ ಕಟ್ಟಿ, ಗಿರಾಕಿಗೆ ವಾಪಸು ಕೊಡಬೇಕು. ನಿಜವಾಗಿಯೂ ಬದಲಾಯಿಸಿದ್ದೇವೆ ಎನ್ನುವುದಕ್ಕೆ ಅದೇ ಸಾಕ್ಷಿ. ಹದಿನೆಂಟು ವರ್ಷದಲ್ಲಿ ನಾನು ಒಮ್ಮೆಯೂ ತಪ್ಪಿಸಿದವಳಲ್ಲ. ಮನೆಯವರಿಗೆ ಎಂಥ ಸಾಕ್ಷಿ ಎಂದುಕೊಂಡು ಈ ಸಲ ಎಲ್ಲವನ್ನೂ ಗುಜರಿ ಡ್ರಮ್ಮಿಗೆ ಎಸೆದೆ.

ಭಾನುವಾರ ಹೊರಟೆವು. ಏರು ಶುರುವಾಯಿತು. ಅತ್ತಿಗೆಯ ಅಂಗೈ ಗೇರಿನ ಮೇಲಿತ್ತು. ಕ್ಲಚ್ ಒತ್ತಿದೆ. ಕೈ ಅಲ್ಲಾಡಲಿಲ್ಲ. ಬಿಟ್ಟು ಮತ್ತೆ ಒತ್ತುವಷ್ಟರಲ್ಲಿ ಅವರು ಅವಸರದಲ್ಲಿ ಎಳೆದುಬಿಟ್ಟರು. ಗೇರು ಕರಕರನೆ ಹಲ್ಲು ಕಡಿಯಿತು.

“ಒತ್ತಿದ್ಯಾ?”

“ಒತ್ತಿದೆ ಅತ್ತಿಗೆ.”

“ಏನೂ ಹೇಳ್ತಾನೇ ಇಲ್ವಲ್ಲೇ ಇದು.” ಅತ್ತಿಗೆ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. “ತುಂಬಾ ಚೆನ್ನಾಗಿ ಮಾಡಿದ್ದೀಯ. ಒಳ್ಳೇ ಬೆಣ್ಣೆ ಹಾಗಿದೆ. ಆದ್ರೆ ಯಾರದೋ ಕಾರಲ್ಲಿ ಕೂತ ಹಾಗಿದೆ ಕಣೇ. ವಾಪಸ್ ಹೋಗೋಣ.”

ಆ ಕಾರಿನಲ್ಲಿ ಅಣ್ಣ ಅಂತ ಉಳಿದಿದ್ದರೆ ಆ ನಡುಕದಲ್ಲಿ ಉಳಿದಿದ್ದ. ಅದನ್ನೇ ನಾನು ಬಿಚ್ಚಿ ಎಸೆದಿದ್ದೆ.

ಸೋಮವಾರ ಎಲ್ಲರಿಗಿಂತ ಮೊದಲು ವರ್ಕ್‌ಶಾಪಿಗೆ ಹೋದೆ. ಡ್ರಮ್ಮು ಖಾಲಿ. ಗುಜರಿಯವನಿಗೆ ಫೋನ್ ಮಾಡಿದೆ.

“ಶನಿವಾರನೇ ಒಯ್ದೆ ಅಕ್ಕಾ. ರಬ್ಬರೆಲ್ಲಾ ಆಗ್ಲೇ ಮುಂದಕ್ಕೆ ಹೋಯ್ತು. ಚರ್ಮ ನಾನು ತಗೊಳಲ್ಲ, ಅಲ್ಲೇ ಎಲ್ಲೋ ಬಿಸಾಕಿರ್ತೀನಿ ನೋಡಿ.”

ಡ್ರಮ್ಮಿನ ಹಿಂದೆ, ಎಣ್ಣೆ ಕುಡಿದ ಮರದ ಪುಡಿಯ ನಡುವೆ ಬಿಲ್ಲೆ ಸಿಕ್ಕಿತು. ಒರೆಸಿ ನೋಡಿದರೆ ಅಂಚಿನಲ್ಲಿ ಬೆಲ್ಟಿನ ತೂತು ಅರ್ಧ ಉಳಿದಿತ್ತು. ಅಲ್ಲೇ ಕೂತು ಅತ್ತೆ. ಅಣ್ಣ ಹೋದ ದಿನವೂ ಅಷ್ಟು ಅತ್ತಿರಲಿಲ್ಲ. ಡಬ್ಬಾ ಎಂದರೆ ತಿರುಗಿ ಜಗಳಕ್ಕೆ ಬರುವವನು ಇನ್ನಿಲ್ಲ ಎಂಬುದು ನನಗೆ ಅವತ್ತೇ ನಿಜವಾಗಿ ತಟ್ಟಿತು.

ಬಿಲ್ಲೆಯನ್ನು ಅದರ ಜಾಗಕ್ಕೆ ಸೇರಿಸಿದೆ. ಮುಂದಿನ ಭಾನುವಾರ ಅತ್ತಿಗೆಗೆ ಮುಚ್ಚುಮರೆಯಿಲ್ಲದೆ ಹೇಳಿದೆ: ಹಳೇ ರಬ್ಬರು ಸಿಗಲಿಲ್ಲ, ಅರ್ಧ ನಡುಕವನ್ನು ಹೊಸದೇ ನುಂಗುತ್ತದೆ, ತಪ್ಪು ನನ್ನದು.

“ಇದ್ದಷ್ಟು ಸಾಕು, ನಡಿ” ಎಂದರು.

ಅದೇ ಏರು. ಕ್ಲಚ್ ಒತ್ತಿದೆ. ಗೇರ್ ಸರಿಯಾಗಿ ಬಿತ್ತು.

“ಸಿಗ್ತಾ ಅತ್ತಿಗೆ?”

“ಸಿಕ್ತು.” ಅತ್ತಿಗೆ ಗೇರಿನಿಂದ ಕೈ ತೆಗೆಯಲಿಲ್ಲ. “ಆದ್ರೆ ನೀನು ಬೇಗ ಒತ್ತಿಬಿಡ್ತೀಯ. ಇಂಜಿನ್ನು ಇನ್ನೊಂಚೂರು ಕೂಗ್ಲಿ ಅಂತ ಅವರು ಕಾಯೋರು.”

ಮುಂದಿನ ತಿರುವು ದಾಟಿದ ಮೇಲೆ ಇಂಜಿನ್ ಕೂಗತೊಡಗಿತು. ಹದಿನೆಂಟು ವರ್ಷ ಸದ್ದಿಲ್ಲದ ಇಂಜಿನ್ನುಗಳಿಗೆ ಪಳಗಿದ ನನ್ನ ಕಾಲು ಒತ್ತಲು ಹಾತೊರೆಯಿತು. ತಡೆದೆ. ಇನ್ನೊಂಚೂರು ತಡೆದು ಆಮೇಲೆ ಒತ್ತಿದೆ. ಆ ಕ್ಷಣಕ್ಕೇ ಗೇರ್ ಬಿತ್ತು.

ಓರೆಗಣ್ಣಿನಲ್ಲಿ ನೋಡಿದೆ. ಅತ್ತಿಗೆ ಕಣ್ಣು ಮುಚ್ಚಿಕೊಂಡು ನಗುತ್ತಿದ್ದರು. ಬೆಟ್ಟದ ತುದಿ ತಲುಪುವವರೆಗೂ ನಾನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಪಕ್ಕದಲ್ಲಿರುವುದು ನಾನು ಎಂದು ಅವರಿಗೆ ಗೊತ್ತಾಗಿಬಿಡುತ್ತಿತ್ತು.