ಮೂರನೇ ಗೇರಿನ ಸದ್ದು

ಸಿದ್ದಬಸಪ್ಪನವರು ಬಗ್ಗಿ, ಲಾರಿಯ ಡೀಸೆಲ್ ಟ್ಯಾಂಕಿಗೆ ಹಾಕಿದ ಬೀಗವನ್ನು ಜಗ್ಗಿ ನೋಡಿದರು. ಬಿಗಿಯಾಗಿತ್ತು. ಸಮಾಧಾನವಾಗದೆ ಇನ್ನೊಮ್ಮೆ ಜಗ್ಗಿದರು. ಲಾರಿಯ ಬದಿಗೆ ಚೆಂಡುಹೂವಿನ ಸರ ಕಟ್ಟುತ್ತಿದ್ದ ಡ್ರೈವರ್ ಹನುಮೇಶ ಕೈ ನಿಲ್ಲಿಸಿದ.

"ಸಾವಿನ ಮನೇಲೂ ಟ್ಯಾಂಕ್ ನೋಡ್ತೀರಲ್ಲ ಸಾರ್. ಇವತ್ತು ಯಾರು ಕದೀತಾರೆ, ಸತ್ತೋರಾ?"

"ಇಂಜಿನ್ ಯಾಕೆ ಚಾಲೂ ಇಟ್ಟಿದ್ದೀಯ?"

"ಬ್ಯಾಟರಿ ವೀಕು. ಆಫ್ ಮಾಡಿದ್ರೆ ಮತ್ತೆ ಹೆಣ ಇಳಿಸಿ ತಳ್ಬೇಕಾಗುತ್ತೆ."

"ಹೆಣ ಇನ್ನೂ ಹತ್ತಿಲ್ಲ. ಆಫ್ ಮಾಡು."

ಹನುಮೇಶ ಆಫ್ ಮಾಡಿದ. ಮಲ್ಲತ್ತಹಳ್ಳಿಯ ಆ ಇಕ್ಕಟ್ಟಾದ ರಸ್ತೆಯಲ್ಲಿ ತಮಟೆಯವರು ಕಾಗದ ಸುಟ್ಟು ತಮಟೆ ಕಾಯಿಸುತ್ತಿದ್ದರು.

ಸಿದ್ದಬಸಪ್ಪನವರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹಳೆಯ ಶಿಷ್ಯ ಚನ್ನವೀರೇಶ ತನ್ನ ಟೈಲ್ಸ್ ಕಂಪನಿಯ ಐದು ಲಾರಿಗಳ ಡೀಸೆಲ್ ಖರ್ಚನ್ನು ತಗ್ಗಿಸಿಕೊಡಿ ಎಂದು ಅವರನ್ನು ಕರೆದು ಕೂರಿಸಿಕೊಂಡಿದ್ದ. ಸತ್ತ ಅಂಜಿನಯ್ಯ ಆ ಐದರಲ್ಲೊಂದನ್ನು ಓಡಿಸುತ್ತಿದ್ದವನು. ಅವನು ಡೀಸೆಲ್ ಕಳ್ಳನೆಂದು ಸಿದ್ದಬಸಪ್ಪನವರು ತೀರ್ಮಾನಿಸಿ ನಾಲ್ಕೈದು ತಿಂಗಳಾಗಿತ್ತು.

ಬೆಳಿಗ್ಗೆ ಚನ್ನವೀರೇಶ ಫೋನಿನಲ್ಲಿ ಹೇಳಿದ್ದ: "ಮೇಷ್ಟ್ರೇ, ಅಂಜಿನಯ್ಯನ ಮಗ ಮಹದೇವ್ ಅಪ್ಪನ ಲಾರಿ ನಂಗೇ ಕೊಡಿ ಅಂತಿದಾನೆ. ಬಾಡಿಗೆ ಟೆಂಪೋ ಓಡಿಸ್ತಾನೆ, ಕೈ ಚೆನ್ನಾಗಿದೆಯಂತೆ. ಆದ್ರೆ ಅಪ್ಪನ ಚಾಳಿ ಮಗನಿಗೂ ಇದ್ರೆ ಕಷ್ಟ. ಹೆಂಗೂ ಮಣ್ಣಿಗೆ ಹೋಗ್ತಿದೀರಿ, ಮನೆ ನೋಡಿ ಬನ್ನಿ. ನೀವು ಹೂಂ ಅಂದ್ರೆ ಕೊಡ್ತೀನಿ. ಇಲ್ಲಾಂದ್ರೆ ಇವತ್ತೇ ಬೇರೆಯವರಿಗೆ ಹೇಳ್ಬಿಡ್ತೀನಿ."

ಮನೆ ನೋಡಲೆಂದೇ ಅವರು ಗೇಟಿನೊಳಗೆ ಕಾಲಿಟ್ಟರು.

ಶಾಮಿಯಾನದ ಕೆಳಗೆ ಬೆಂಚಿನ ಮೇಲೆ ಅಂಜಿನಯ್ಯನನ್ನು ಮಲಗಿಸಿದ್ದರು. ಮುಖ ತೆರೆದಿತ್ತು, ಮೊಣಕಾಲಿನಿಂದ ಕೆಳಗೆ ಬಿಳಿ ಪಂಚೆಯನ್ನು ಬಿಗಿಯಾಗಿ ಸುತ್ತಲಾಗಿತ್ತು. ಹೆಂಡತಿಯಾದವಳು ತಲೆಯ ಬಳಿ ಕೂರುವುದು ವಾಡಿಕೆ. ಪಟಾಲಮ್ಮ ಕಾಲಿನ ಬಳಿ ಕುಳಿತು, ಆ ಪಂಚೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

"ನೀರು ಹಾಕೋಕೂ ಯಾರನ್ನೂ ಕರೀಲಿಲ್ಲ ಕಣೇ," ಎಂದು ಪಕ್ಕದ ಮನೆಯ ಮುದುಕಿ ಇನ್ನೊಬ್ಬಳ ಕಿವಿಯಲ್ಲಿ ಗೊಣಗಿದಳು. "ಆಸ್ಪತ್ರೆಯಿಂದ ತಂದ್ರು, ಬಾಗ್ಲು ಹಾಕ್ಕೊಂಡ್ರು, ಅವರವರೇ ಮುಗಿಸಿದ್ರು. ಇಂಥದ್ದನ್ನ ಎಲ್ಲಾದ್ರೂ ಕಂಡಿದೀಯಾ?"

ಆ ಮಾತು ಸಿದ್ದಬಸಪ್ಪನವರ ಕಿವಿಗೂ ಬಿತ್ತು. ಮುಚ್ಚುವುದಕ್ಕೆ ಏನೋ ಇದೆ ಎಂದುಕೊಂಡರು. ಮೆಟ್ಟಿಲ ಕೆಳಗೆ ಎರಡು ನೀಲಿ ಕ್ಯಾನುಗಳು ಕಂಡವು. ಮೆಲ್ಲನೆ ಅತ್ತ ಹೋಗಿ, ಒಂದರ ಮುಚ್ಚಳ ತಿರುಗಿಸಿ ಮೂಗು ಹತ್ತಿರ ಒಯ್ದರು. ಗಾಯ ತೊಳೆಯುವ ಔಷಧಿಯ ಘಾಟು.

"ಡೀಸೆಲ್ ವಾಸನೆ ಬರ್ತಾ ಇದೆಯಾ ಮೇಷ್ಟ್ರೇ?"

ಪಟಾಲಮ್ಮ ಕೂತಲ್ಲಿಂದಲೇ ಕೇಳಿದ್ದಳು. ಅಳುತ್ತಿದ್ದವರು ಅಳು ನಿಲ್ಲಿಸಿ ತಿರುಗಿದರು.

"ಕುಡಿಯುವ ನೀರೇನೋ ಅಂತ ನೋಡಿದೆ."

"ಅದು ಕುಡಿಯೋ ನೀರಲ್ಲ. ಮುಚ್ಚಿಡಿ."

ಅವರು ಮುಚ್ಚಿಟ್ಟರು.

*

ಮೊದಲೆರಡು ವರ್ಷ ಅಂಜಿನಯ್ಯನ ಲಾರಿಯೇ ಎಲ್ಲಕ್ಕಿಂತ ಹೆಚ್ಚು ಮೈಲೇಜು ಕೊಡುತ್ತಿತ್ತು. ಸಿದ್ದಬಸಪ್ಪನವರು ವಿಧಿಸಿದ ಕಟ್ಟಳೆಗಳನ್ನು ಅವನೊಬ್ಬನೇ ಗೊಣಗದೆ ಪಾಲಿಸಿದವನು: ಟೈರಿನಲ್ಲಿ ಗಾಳಿ ಕಡಿಮೆಯಾಗಬಾರದು, ಸಿಗ್ನಲ್ಲಿನಲ್ಲಿ ಇಂಜಿನ್ ನಿಲ್ಲಿಸಬೇಕು, ನಾಲ್ಕನೇ ಗೇರಿನಲ್ಲಿ ಹೋಗುವ ಕಡೆ ಮೂರರಲ್ಲಿ ಹೋಗಕೂಡದು.

ಕಳೆದ ದೀಪಾವಳಿಗೆ ಮುಂಚೆ, ತಾಯಿಗೆ ಹುಷಾರಿಲ್ಲವೆಂದು ಅವನು ಊರಿಗೆ ಹೋದ. ಬಹಳ ದಿನ ಬರಲಿಲ್ಲ. ಬಂದ ಮೇಲೆ ಎರಡು ಬದಲಾವಣೆಗಳಾಗಿದ್ದವು. ಲೀಟರಿಗೆ ಆರು ಕಿಲೋಮೀಟರ್ ಓಡುತ್ತಿದ್ದ ಲಾರಿ ಐದನ್ನೂ ಮುಟ್ಟಲಿಲ್ಲ. ಸದಾ ಹವಾಯಿ ಚಪ್ಪಲಿಯಲ್ಲಿರುತ್ತಿದ್ದ ಅಂಜಿನಯ್ಯನ ಕಾಲಿಗೆ ಹೊಸ ಬೂಟು ಬಂದಿತ್ತು. ಒಂದು ಕಡೆ ಮೈಲೇಜು ಇಳಿಯಿತು, ಇನ್ನೊಂದು ಕಡೆ ಬೂಟು ಏರಿತು. ಸಿದ್ದಬಸಪ್ಪನವರಿಗೆ ಇದಕ್ಕಿಂತ ಸರಳವಾದ ಲೆಕ್ಕ ಬೇರೆ ಕಾಣಲಿಲ್ಲ.

ಟ್ಯಾಂಕಿಗೆ ಬೀಗ ಹಾಕಿಸಿದರು. ಮೈಲೇಜು ಏರಲಿಲ್ಲ. ಒಂದು ದಿನ ತಾವೇ ಅವನ ಪಕ್ಕದಲ್ಲಿ ಹತ್ತಿ ಕುಳಿತರು. ದೀಪಾಂಜಲಿ ನಗರದ ಗೋಡೌನಿನಿಂದ ಕೆಂಗೇರಿಯವರೆಗೆ ಅಂಜಿನಯ್ಯ ಮೂರನೇ ಗೇರು ಬಿಟ್ಟು ಮೇಲೆ ಹೋಗಲಿಲ್ಲ. ಇಂಜಿನ್ ಒರಲುತ್ತಿತ್ತು.

"ನಾಲ್ಕಕ್ಕೆ ಹಾಕು."

"ಬೇಡ ಸಾರ್. ಸದ್ದು ಕೇಳ್ಬೇಕು."

"ಯಾವ ಸದ್ದು?"

"ಇಂಜಿನ್ದು ಸಾರ್."

ತಮ್ಮ ಕಣ್ಣೆದುರೇ ಬೇಕೆಂದು ಡೀಸೆಲ್ ಸುಡುತ್ತಿದ್ದಾನೆ, ಕದ್ದದ್ದನ್ನು ಗೇರಿನ ಲೆಕ್ಕಕ್ಕೆ ಬರೆಯಲು ಹೊರಟಿದ್ದಾನೆ ಎಂದು ಅವರಿಗೆ ಅಂದೇ ಖಚಿತವಾಯಿತು. ಲಾರಿಯಿಂದ ಇಳಿದು, ಲೋಡು ಇಳಿಸುವ ಹಮಾಲರ ಮುಂದೆಯೇ ಅವನನ್ನು ಕಳ್ಳನೆಂದರು. ಅಂಜಿನಯ್ಯ ತಲೆ ತಗ್ಗಿಸಿ ಕೇಳಿಸಿಕೊಂಡ. "ನಾಳೆ ಬರ್ಲಾ ಸಾರ್?" ಎಂದಷ್ಟೇ ಕೇಳಿದ.

*

ಮಾಗಡಿ ಕಡೆಯಿಂದ ಬಸ್ಸಿನಲ್ಲಿ ಬಂದ ಅಂಜಿನಯ್ಯನ ಮುದಿ ಅಣ್ಣ ತಮ್ಮನ ಮುಖ ನೋಡಿ ಅತ್ತ. ಅತ್ತು ಮುಗಿಸಿ ಕೆಳಗೆ ನೋಡಿದ.

"ಕಾಲ್ಬೆರಳು ಕಟ್ಟಿಲ್ವೇನ್ರೋ? ದಾರ ಕೊಡ್ರಿ."

"ಬಟ್ಟೆ ಮೇಲೇ ಕಟ್ಬಿಡಿ ಭಾವ," ಎಂದಳು ಪಟಾಲಮ್ಮ.

"ಬಟ್ಟೆ ಮೇಲೆ ಕಟ್ಟೋಕೆ ಇದೇನು ಸೌದೆ ಹೊರೆನೇನಮ್ಮ? ಎರಡು ಹೆಬ್ಬೆರಳು ಸೇರಿಸಿ ಕಟ್ಬೇಕು. ಬಿಡು ಕೈ."

ಆಕೆ ಬಿಡಲಿಲ್ಲ. ಮಹದೇವ್ ಬಂದು, "ಬಿಡಮ್ಮ," ಎಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಸಿದ್ದಬಸಪ್ಪನವರು ಜನರ ನಡುವೆ ಮುಂದಕ್ಕೆ ಬಂದು ನಿಂತರು.

ಪಂಚೆ ಬಿಚ್ಚಿತು. ಮುದುಕ ಎಡಗಾಲಿನ ಹೆಬ್ಬೆರಳಿಗೆ ದಾರ ಸುತ್ತಿ, ಬಲಗಾಲಿನ ಕಡೆಗೆ ಎಳೆದ. ಅಲ್ಲಿ ಹೆಬ್ಬೆರಳಿರಲಿಲ್ಲ. ಅದರ ಪಕ್ಕದ ಬೆರಳೂ ಇರಲಿಲ್ಲ. ಪಾದ ಹಿಮ್ಮಡಿಯವರೆಗೆ ಕಪ್ಪಾಗಿತ್ತು. ಮುದುಕನ ಕೈ ದಾರ ಹಿಡಿದುಕೊಂಡೇ ನಿಂತಿತು. ಆಮೇಲೆ ಆ ದಾರವನ್ನು ಬಲಗಾಲಿನ ಹರಡಿಗೆ ಬಿಗಿದ.

"ಸಕ್ಕರೆ ಕಾಯಿಲೆ," ಎಂದ ಮಹದೇವ್, ಯಾರಿಗೆಂದಿಲ್ಲದೆ. "ಕಾಲಿಂದಲೇ ಮೈಗೆಲ್ಲ ಏರ್ತು."

*

ಹೆಣವನ್ನು ಲಾರಿಗೆ ಏರಿಸುವಾಗ ಸಿದ್ದಬಸಪ್ಪನವರು ಪಟಾಲಮ್ಮನ ಹತ್ತಿರ ಹೋಗಿ ನಿಂತರು.

"ಬೆರಳು ತೆಗೆಸಿದ್ದು ಯಾವಾಗ?"

"ಊರಿಗೆ ಹೋಗ್ತೀನಿ ಅಂತ ರಜ ಹಾಕಿದ್ರಲ್ಲ, ಆಗ. ಹೋಗಿದ್ದು ಊರಿಗಲ್ಲ."

"ಆ ಕಾಲಿನಲ್ಲಿ ಲಾರಿ ಓಡಿಸುತ್ತಿದ್ದನೇ?"

"ಕಾಲಲ್ಲಿ ಏನೂ ಗೊತ್ತಾಗ್ತಿರ್ಲಿಲ್ಲ. ಎಷ್ಟು ಒತ್ತಿದೀನಿ ಅಂತ ಕಿವಿಲಿ ಕೇಳ್ಕೋತಿದ್ರು. ಮೂರನೇ ಗೇರಲ್ಲಿದ್ರೆ ಇಂಜಿನ್ ಚೆನ್ನಾಗಿ ಕೇಳ್ಸುತ್ತೆ ಕಣೇ, ಕಾಲು ಎತ್ತಿದ ತಕ್ಷಣ ಗಾಡಿ ಸ್ಪೀಡೂ ತಾನಾಗೇ ತಗ್ಗುತ್ತೆ ಅಂತಿದ್ರು."

"ಕಳ್ಳ ಅಂದಾಗಲಾದರೂ ಬಾಯಿ ಬಿಡಬಹುದಿತ್ತು."

"ಕಳ್ಳ ಅಂತ ಬೈದ್ರಿ, ಬೀಗ ಹಾಕಿದ್ರಿ. ಓಡ್ಸೋಕೆ ಬಿಟ್ರಲ್ಲ." ಪಟಾಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಕಾಲು ಅಂದಿದ್ರೆ ಬಿಡ್ತಿದ್ರಾ? ನೀವೇ ಹೇಳಿ."

ಬಿಡುತ್ತಿರಲಿಲ್ಲ. ಈಗ ಕೇಳಿದರೂ ಬಿಡುವುದಿಲ್ಲ.

"ಮೈಸೂರು ರಸ್ತೆಯಲ್ಲಿ ದಿನಕ್ಕೆ ಎಷ್ಟು ಜನ ದಾಟುತ್ತಾರೆ, ತಿಳಿದಿದೆಯೇ ನಿಮಗೆ? ಸ್ಕೂಲು ಮಕ್ಕಳಿದ್ದಾರೆ."

"ತಿಳಿದೇ ಇತ್ತು. ಅವರು ಮನೆಗೆ ಬರೋತನಕ ನಂಗೆ ಅನ್ನ ಇಳೀತಿರ್ಲಿಲ್ಲ." ಆಕೆ ದನಿ ತಗ್ಗಿಸಿದಳು. "ಸಾಹುಕಾರರಿಗೆ ಕಾಲಿನ ವಿಷಯ ಹೇಳ್ಬೇಡಿ ಮೇಷ್ಟ್ರೇ. ವಂಶದಲ್ಲೇ ಇದೆ ಅಂತಾರೆ. ಹುಡುಗನಿಗೆ ಲಾರಿ ಕೊಡಲ್ಲ."

ಆಕೆ ಆಡಿದ ಒಂದು ಮಾತು ಸಿದ್ದಬಸಪ್ಪನವರ ತಲೆಯಲ್ಲಿ ಕುಳಿತಿತು. ವಂಶದಲ್ಲೇ ಇದೆ ಅಂತಾರೆ. ಮಗನಿಗೂ ಇದ್ದರೆ? ಅವನೂ ಮುಚ್ಚಿಟ್ಟಿದ್ದರೆ? ಅಪ್ಪ ಮುಚ್ಚಿಟ್ಟದ್ದನ್ನು ಇವರೆಲ್ಲ ಸೇರಿ ಹೆಣದ ಮೇಲೂ ಮುಚ್ಚಿಟ್ಟವರಲ್ಲವೇ?

ಮೊಣಕಾಲು ನೋವಿದ್ದ ಅವರನ್ನು ಹನುಮೇಶ ಕೈಹಿಡಿದು ಲಾರಿಯ ಮುಂದಿನ ಸೀಟಿಗೆ ಹತ್ತಿಸಿದ. ಲಾರಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ತಮಟೆ ಶುರುವಾಯಿತು. ಮಹದೇವ್ ಒದ್ದೆ ಪಂಚೆಯಲ್ಲಿ, ಬರಿಗಾಲಿನಲ್ಲಿ, ಬೆಂಕಿಯ ಮಡಕೆಯನ್ನು ಕೈಯಲ್ಲಿ ತೂಗಿ ಹಿಡಿದು ಲಾರಿಗೆ ನಾಲ್ಕು ಮಾರು ಮುಂದೆ ನಡೆದ. ಮರದ ನೆರಳಿದ್ದ ಸಣ್ಣ ರಸ್ತೆ ಮುಗಿದು, ಕೆರೆಯ ಪಕ್ಕದ ದೊಡ್ಡ ರಸ್ತೆ ಬಂತು. ಏಪ್ರಿಲ್ ತಿಂಗಳ ನಡುಮಧ್ಯಾಹ್ನ. ಹೊಸದಾಗಿ ಹಾಕಿದ ಟಾರು ಬಿಸಿಲಿಗೆ ಮಿರುಗುತ್ತಿತ್ತು.

ಸಿದ್ದಬಸಪ್ಪನವರು ಕನ್ನಡಕ ಒರೆಸಿ ಹಾಕಿಕೊಂಡು, ಗಾಜಿನ ಹತ್ತಿರಕ್ಕೆ ಬಾಗಿದರು.

ಮಹದೇವ್ ಬಲಗಾಲನ್ನು ಟಾರಿನ ಮೇಲೆ ಇಟ್ಟ, ಥಟ್ಟನೆ ಎತ್ತಿದ. ಎಡಗಾಲು ಇಟ್ಟ, ಅದನ್ನೂ ಎತ್ತಿದ. ಆಮೇಲೆ ಬೆರಳ ತುದಿಯ ಮೇಲೆ, ಹಿಮ್ಮಡಿಯ ಮೇಲೆ, ಕುಪ್ಪಳಿಸುತ್ತಲೇ ಹೆಜ್ಜೆ ಹಾಕಿದ.

"ಅಯ್ಯೋ ಪಾಪ, ಕಾಲು ಸುಡ್ತಾ ಇದೆ ಅವನಿಗೆ," ಎಂದ ಹನುಮೇಶ. "ಪಕ್ಕದಲ್ಲಿ ಮಣ್ಣಿದೆ, ಅಲ್ಲಿ ನಡಿಯೋ ಅಂತ ಕೂಗ್ಲಾ ಸಾರ್?"

"ಬೇಡ."

"ಬೊಬ್ಬೆ ಬರುತ್ತೆ ಸಾರ್."

"ಬರಲಿ. ನೀನು ನಿಧಾನ ಬಿಡು."

ಅವರು ಬಲಗಾಲನ್ನು ನೋಡಿದರು. ಎಡಗಾಲನ್ನು ನೋಡಿದರು. ಮತ್ತೆ ಬಲಗಾಲನ್ನು ನೋಡಿದರು. ಬಸ್ ಸ್ಟಾಪಿನ ತನಕ ನೋಡಿದರು; ಎರಡೂ ಕಾಲಿಗೆ ಬಿಸಿ ಗೊತ್ತಾಗುತ್ತಿತ್ತು. ಆಮೇಲೆ ಜೇಬಿನಿಂದ ಫೋನು ತೆಗೆದರು.

"ಚನ್ನವೀರೇಶ, ಲಾರಿ ಹುಡುಗನಿಗೇ ಕೊಡು."

"ಆ ಡೀಸೆಲ್ ವಿಷಯ ಏನಾಯ್ತು ಮೇಷ್ಟ್ರೇ?"

"ಅಂಜಿನಯ್ಯ ಕದ್ದಿಲ್ಲ. ನನ್ನ ಲೆಕ್ಕ ತಪ್ಪು."

"ಹೆಂಗೆ ಗೊತ್ತಾಯ್ತು?"

ಅವರು ಫೋನನ್ನು ಜೇಬಿಗೆ ಹಾಕಿದರು. ಗಾಜಿನಾಚೆ ಮಹದೇವ್ ಉರಿಯುವ ಅಂಗಾಲುಗಳನ್ನು ಒಂದಾದ ಮೇಲೊಂದರಂತೆ ಎತ್ತಿ ಹಾರುತ್ತಿದ್ದ. ಕೈಯಲ್ಲಿನ ಮಡಕೆ ಮಾತ್ರ ಅಲುಗದಂತೆ ಹಿಡಿದಿದ್ದ; ಅದರ ಹೊಗೆ ನೆಟ್ಟಗೆ ಮೇಲೇರುತ್ತಿತ್ತು.