ಟೈಮಣ್ಣನ ಕೈಗಡಿಯಾರ

ಟೈಮಣ್ಣನ ಎಡಗೈಯಲ್ಲಿದ್ದ ಗಡಿಯಾರವನ್ನು ಮೊದಲ ಸಲ ನೋಡಿದವರು ನಗದೆ ಇರುತ್ತಿರಲಿಲ್ಲ. ಬೂಟ್ ಪಾಲಿಶ್ ಡಬ್ಬಿಯಷ್ಟು ಅಗಲ, ಹೆಚ್ಚುಕಡಿಮೆ ಅಷ್ಟೇ ದಪ್ಪ. ಅಪ್ಪನ ಕಾಲದ್ದು. ಅಪ್ಪನ ಕೈಗೆ ಬಂದಾಗಲೂ ಅದು ಹಳೆಯದೇ, ಯಾವುದೋ ಹಡಗಿನ ಅಧಿಕಾರಿ ಕಟ್ಟಿ ಬಿಟ್ಟದ್ದಂತೆ. "ಕೈಗೆ ಗಡಿಯಾರ ಕಟ್ಟಿದೀಯೋ, ಗಡಿಯಾರಕ್ಕೆ ಕೈ ಕಟ್ಟಿದೀಯೋ?" ಎಂದು ಕಲ್ಲಿನ ಕ್ವಾರಿಯ ಜನ ರೇಗಿಸುತ್ತಿದ್ದರು. ಅವನು ತಲೆ ಕೆಡಿಸಿಕೊಂಡವನಲ್ಲ. ದಿನಾ ಬೆಳಿಗ್ಗೆ ರೇಡಿಯೋ ಆರು ಗಂಟೆ ಹೇಳುವಾಗ ಮುಳ್ಳು ಸರಿಮಾಡಿ, ಇಪ್ಪತ್ತು ಸುತ್ತು ಕೀಲಿ ಕೊಟ್ಟು ಕಟ್ಟಿಕೊಂಡರೆ, ಮತ್ತೆ ಬಿಚ್ಚುವುದು ಸ್ನಾನಕ್ಕೆ ಮಾತ್ರ. ಪಟ್ಟಿಯ ಕೆಳಗಿನ ಚರ್ಮ ಬಿಸಿಲನ್ನೇ ಕಾಣದೆ ಬೇರೆ ಯಾರದೋ ಕೈಯ ಹಾಗೆ ಬೆಳ್ಳಗಿತ್ತು.

ನಕ್ಕವರೇ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ತೆಪ್ಪಗೆ ಆ ಕೈಯನ್ನೇ ನೋಡುತ್ತ ನಿಲ್ಲುತ್ತಿದ್ದರು. ಬಂಡೆಯಲ್ಲಿ ಕೊರೆದ ಕುಳಿಗೆ ಮದ್ದಿಟ್ಟು ಸಿಡಿಸುವವನು ಅವನು. ಮದ್ದಿನ ಹತ್ತಿರ ಫೋನು ಒಯ್ಯುವಂತಿಲ್ಲ. ಎಲ್ಲರ ಫೋನೂ ಆಫೀಸಿನ ತಗಡಿನ ಪೆಟ್ಟಿಗೆಯಲ್ಲಿ ಬೀಳಬೇಕು. ಹಾಗಾಗಿ ಬಂಡೆಯ ಕೆಳಗೆ ಟೈಮು ಎಂದರೆ ಟೈಮಣ್ಣನ ಟೈಮು. ಎಷ್ಟು ಕುಳಿಗೆ ಬತ್ತಿ ಹಚ್ಚಿದರೋ ಅಷ್ಟು ಸದ್ದು ಎಣಿಸಬೇಕು. ಒಂದು ಸದ್ದು ಕಡಿಮೆಯಾದರೂ ಮೂವತ್ತು ನಿಮಿಷ ಯಾರೂ ಅತ್ತ ಕಾಲಿಡಕೂಡದು, ಯಾಕೆಂದರೆ ಬತ್ತಿ ಒಳಗೊಳಗೇ ಹೊಗೆಯಾಡುತ್ತಿರಬಹುದು. "ಮೂವತ್ತು ಅಂದ್ರೆ ಮೂವತ್ತು. ಇಪ್ಪತ್ತೊಂಬತ್ತಕ್ಕೆ ಹೋದೋನು ಮೂವತ್ತು ನೋಡಲ್ಲ" ಎಂದು ಅವನು ಹೊಸಬರಿಗೆಲ್ಲ ಹೇಳುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಅವನ ಕೈಕೆಳಗೆ ಒಬ್ಬರ ಉಗುರಿಗೂ ಪೆಟ್ಟಾಗಿರಲಿಲ್ಲ.

ಅಂಥವನ ಕೈಕೆಳಗೆ ಅವನ ಸ್ವಂತ ತಮ್ಮನೇ ಸತ್ತ.

ತಮ್ಮ ಅದೇ ಕ್ವಾರಿಯಲ್ಲಿ ಕುಳಿ ಕೊರೆಯುತ್ತಿದ್ದ. ತಮ್ಮನ ಹೆಂಡತಿ ಹೊಲಿಗೆಯವಳು, ಬೀದಿಗೆಲ್ಲ ಟೈಲರಮ್ಮ. ಅವರಿಗೆ ಐದು ವರ್ಷದ ಮಗಳು. ಹೆಂಡತಿ ತೀರಿಕೊಂಡು ಎಂಟು ವರ್ಷವಾಗಿದ್ದ ಟೈಮಣ್ಣ ಅದೇ ಮನೆಯ ಮುಂದಿನ ಕೋಣೆಯಲ್ಲಿದ್ದ. ಎರಡು ಹೊತ್ತಿನ ಊಟ ಟೈಲರಮ್ಮನ ಕೈಯದು. ಬೆಳಿಗ್ಗೆ ಎದ್ದ ಕೂಡಲೇ ಮಗು ದೊಡ್ಡಪ್ಪನ ಬಳಿ ಓಡಿಬಂದು ಗಡಿಯಾರಕ್ಕೆ ಕಿವಿ ಕೊಟ್ಟು ಕೇಳುವುದು, ಕೇಳಿ ಆದಮೇಲೇ ಮುಖ ತೊಳೆಯುವುದು. ಅವನ ಸಂಸಾರವೆಂದರೆ ಇಷ್ಟೇ, ಇಷ್ಟು ಅವನಿಗೆ ಸಾಕಾಗಿತ್ತು.

ಆ ವರ್ಷ ಅವನ ಎಡ ಮಣಿಕಟ್ಟು ನೋಯತೊಡಗಿತ್ತು. ಎಣ್ಣೆ ತಿಕ್ಕಿ, ಮುಲಾಮು ಹಚ್ಚಿ ಎಲ್ಲ ಆಯಿತು. ಒಂದು ದಿನ ಹನ್ನೊಂದೂವರೆಗೆ ಟೈಲರಮ್ಮ ಊಟದ ಕ್ಯಾರಿಯರ್ ಹಿಡಿದುಕೊಂಡು ಕ್ವಾರಿಯ ಗೇಟಿಗೆ ಬಂದಳು. ಇನ್ನೊಂದು ಕೈಯಲ್ಲಿ ಕಪ್ಪು ಪಟ್ಟಿಯೊಂದಿತ್ತು. ಒಳಗೆ ಅಯಸ್ಕಾಂತದ ಬಿಲ್ಲೆಗಳನ್ನಿಟ್ಟು ಹೊಲಿದದ್ದು, ನೋವು ಎಳೆಯುತ್ತದೆ ಎಂದು ಔಷಧಿ ಅಂಗಡಿಯವನು ಹೇಳಿದ್ದನಂತೆ.

"ನಕಲಿ ಇದ್ದೀತು ಅಂತ ಅಂಗಡೀಲೇ ಪರೀಕ್ಷೆ ಮಾಡಿದೆ ಭಾವ," ಎಂದು ಸೆರಗಿಗೆ ಚುಚ್ಚಿಕೊಂಡಿದ್ದ ಗುಂಡುಪಿನ್ನು ತೆಗೆದು ಪಟ್ಟಿಗೆ ಹಿಡಿದಳು. ಪಿನ್ನು ಟಕ್ಕನೆ ಅಂಟಿಕೊಂಡಿತು. "ನೋಡಿದ್ರಾ? ಇನ್ಮೇಲೆ ನನ್ನ ಮೆಷಿನ್ ಕೆಳಗೆ ಬಿದ್ದ ಸೂಜಿ ಎಲ್ಲ ನೀವೇ ಹೆಕ್ಕಿಕೊಡಬೇಕು."

ಅವಳೇ ಅವನ ಕೈ ಹಿಡಿದು, ಗಡಿಯಾರಕ್ಕೆ ತಾಗಿದ ಹಾಗೆ ನೋವಿದ್ದ ಜಾಗಕ್ಕೆ ಪಟ್ಟಿ ಬಿಗಿದಳು. ತಮ್ಮ ಪಕ್ಕದಲ್ಲಿ ನಿಂತು, "ನಂಗೆ ಮದುವೆಯಾದಾಗಿಂದ ಒಂದು ದಾರನೂ ಕಟ್ಟಿಲ್ಲ ಇವಳು" ಎಂದು ನಕ್ಕ.

ಗಡಿಯಾರ ಹನ್ನೆರಡು ತೋರಿಸಿದಾಗ ಸೈರನ್ ಕೂಗಿಸಿ ಒಂಬತ್ತು ಕುಳಿಗೆ ಬತ್ತಿ ಹಚ್ಚಿದರು. ಎಂಟು ಸದ್ದು ಕೇಳಿತು. ಎಲ್ಲರೂ ಬಂಡೆಯ ಮರೆಯಲ್ಲಿ ಕೂತರು. ಟೈಮಣ್ಣ ಗಡಿಯಾರದಿಂದ ಕಣ್ಣು ಕೀಳಲಿಲ್ಲ. ಉಳಿದ ಕುಳಿಯನ್ನು ನೋಡಿಬರುವುದು ನ್ಯಾಯವಾಗಿ ಅವನ ಕೆಲಸ. ಆದರೆ ಮೇಲೆ ಹತ್ತಲು ಹಗ್ಗ ಹಿಡಿಯಬೇಕು.

"ನಿನ್ನ ಕೈ ನೋವು ಅಣ್ಣ. ನಾನು ನೋಡ್ಕೊಂಡು ಬರ್ತೀನಿ," ಎಂದ ತಮ್ಮ. "ಆಯ್ತಾ ಮೂವತ್ತು?"

ಟೈಮಣ್ಣ ಮುಳ್ಳು ಅರ್ಧ ಗಂಟೆಯ ಗೆರೆ ದಾಟುವವರೆಗೂ ಕಾದ. ಆಮೇಲೇ "ಆಯ್ತು" ಎಂದ.

ತಮ್ಮ ಹತ್ತಿಹೋಗಿ ಕುಳಿಯ ಮೇಲೆ ಬಗ್ಗಿದಾಗ ಒಂಬತ್ತನೆಯ ಸದ್ದು ಕೇಳಿತು.

ವಿಚಾರಣೆಗೆ ಬಂದ ಅಧಿಕಾರಿ ಎರಡು ದಿನ ಇದ್ದು ಎಲ್ಲರನ್ನೂ ಕೇಳಿದ. ಟೈಮಣ್ಣ ಮೂವತ್ತು ಅಂದಿದ್ದಾನೆಂದರೆ ಮೂವತ್ತೇ ಎಂದು ಸೈರನ್‌ನವನು ಹೇಳಿದ, ಕಂಪ್ರೆಸರ್‌ನವನು ಹೇಳಿದ, ಅವನನ್ನು ಕಂಡರಾಗದ ಲಾರಿ ಡ್ರೈವರೂ ಅದನ್ನೇ ಹೇಳಿದ. ನಿಯಮದಂತೆ ಕಾದಿದ್ದಾರೆ, ಬತ್ತಿಯ ದೋಷ ಎಂದು ಬರೆದುಕೊಂಡು ಅಧಿಕಾರಿ ಹೋದ. ಟೈಲರಮ್ಮ ಅಳುತ್ತಲೇ ಭಾವನ ತಟ್ಟೆಗೆ ಬಡಿಸಿದಳು. "ನೀವು ಅಂತ ಒಬ್ರು ಇದೀರಲ್ಲ, ಅದೇ ಧೈರ್ಯ ನಮಗೆ" ಎಂದಳು. ಬಡಿಸಿದ್ದನ್ನೆಲ್ಲ ಅವನು ಉಂಡ.

ತಮ್ಮ ಹೋದ ನಾಲ್ಕು ದಿನ ಕೀಲಿ ಕೊಡುವವರಿಲ್ಲದೆ ಗಡಿಯಾರ ನಿಂತೇ ಇತ್ತು. ಐದನೆಯ ದಿನ ಕೀಲಿ ಕೊಟ್ಟು ಕಟ್ಟಿಕೊಂಡಾಗ ಮಗು ಕಿವಿಯಿಟ್ಟು ಕೇಳಿತು. ಮುಖ ಎತ್ತಿ, "ದೊಡ್ಡಪ್ಪ, ಮುಂಚೆ ಇದು ನಡೀತಿತ್ತು. ಈಗ ಓಡ್ತಾ ಇದೆ" ಎಂದಿತು.

ಮಕ್ಕಳ ಮಾತು ಎಂದು ಬಿಡಬಹುದಿತ್ತು. ಅವನು ಬಿಡಲಿಲ್ಲ. ಆರಕ್ಕೆ ಸರಿಮಾಡಿದ ಗಡಿಯಾರ ರೇಡಿಯೋ ಏಳು ಹೇಳುವಾಗ ಏಳೂವರೆ ತೋರಿಸುತ್ತಿತ್ತು. ಟೈಮಣ್ಣ ಇದ್ದ ಬಟ್ಟೆಯಲ್ಲೇ ಪೇಟೆಗೆ ಹೋದ.

ಗಡಿಯಾರ ರಿಪೇರಿಯವನು ಹಿಂದಿನ ಮುಚ್ಚಳ ಬಿಚ್ಚಲೂ ಇಲ್ಲ. ಮೇಜಿನ ಮೇಲಿದ್ದ ದಿಕ್ಸೂಚಿಯ ಹತ್ತಿರ ಗಡಿಯಾರ ತಂದ. ದಿಕ್ಸೂಚಿಯ ಮುಳ್ಳು ಗಿರ್ರನೆ ತಿರುಗಿತು.

"ಅಯಸ್ಕಾಂತ ಹಿಡಿದಿದೆ. ಒಳಗಿನ ಸುರುಳಿ ಒಂದಕ್ಕೊಂದು ಅಂಟಿಕೊಂಡು ಎರ್ರಾಬಿರ್ರಿ ಓಡ್ತಿದೆ. ಇದರ ಹತ್ರ ಮ್ಯಾಗ್ನೆಟ್ ಏನಾದ್ರೂ ಇಟ್ಟಿದ್ರಾ?"

ಟೈಮಣ್ಣ ತನ್ನ ಮಣಿಕಟ್ಟು ನೋಡಿಕೊಂಡ. ಕಪ್ಪು ಪಟ್ಟಿ ಇನ್ನೂ ಅಲ್ಲೇ ಇತ್ತು. ಗಂಟೆಗೆ ಅರ್ಧ ಗಂಟೆ ಮುಂದೆ ಎಂದರೆ, ಮೂವತ್ತು ನಿಮಿಷ ಎಂದರೆ ಇಪ್ಪತ್ತು. ಈ ಲೆಕ್ಕಕ್ಕೆ ಕಾಗದ ಪೆನ್ನು ಬೇಕಿರಲಿಲ್ಲ.

"ಸರಿಮಾಡೋಕೆ ಎರಡು ಸೆಕೆಂಡ್ ಸಾಕು. ಮಾಡ್ಲಾ?"

"ಬೇಡ."

"ತಪ್ಪು ಟೈಮು ಕಟ್ಟಿಕೊಂಡು ಏನು ಮಾಡ್ತೀರಿ?"

ಅವನು ಮನೆಗೆ ಬಂದು ಪಟ್ಟಿ ಬಿಚ್ಚಿ, ಮೊಳೆ ಸ್ಕ್ರೂ ಹಾಕಿಡುವ ಡಬ್ಬಿಯ ತಳಕ್ಕೆ ತುರುಕಿದ. ಗಡಿಯಾರವನ್ನು ಮಾತ್ರ ದಿನಾ ಕಟ್ಟಿಕೊಂಡ, ಓಡುವುದನ್ನು ಓಡುವ ಹಾಗೇ. ಕ್ವಾರಿಯಲ್ಲಿ ಮೂವತ್ತರ ಬದಲು ಅದರ ಲೆಕ್ಕದಲ್ಲಿ ಒಂದು ಗಂಟೆ ಕಾಯುತ್ತಿದ್ದ. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಗಡಿಯಾರ ಕೆಟ್ಟಿತ್ತು ಎಂದರೆ ಯಾಕೆ ಕೆಟ್ಟಿತು ಎಂದು ಟೈಲರಮ್ಮ ಕೇಳುತ್ತಾಳೆ. ದಿನವಿಡೀ ಅಯಸ್ಕಾಂತದಿಂದ ಪಿನ್ನು ಹೆಕ್ಕುವ ಹೆಂಗಸು, ಎರಡನೇ ಪ್ರಶ್ನೆಗೇ ಅವಳಿಗೆ ಗೊತ್ತಾಗಿಬಿಡುತ್ತದೆ. ತನ್ನ ಕೈಯಾರೆ ಬಿಗಿದ ಪಟ್ಟಿ ಗಂಡನನ್ನು ತಿಂದಿತೆಂದು ತಿಳಿದ ಮೇಲೆ ಆ ಕೈಯಲ್ಲಿ ಅವಳು ಮಗಳ ತಲೆ ಬಾಚುವುದು ಹೇಗೆ?

ಮುಚ್ಚಿಟ್ಟರೆ ಮುಗಿಯಿತು ಎಂದುಕೊಂಡಿದ್ದ. ಗೇಟಿನ ಎದುರಿನ ಟೀ ಅಂಗಡಿಯಾಕೆ ಮುಗಿಸಲು ಬಿಡಲಿಲ್ಲ. ಕೆಟ್ಟವಳಲ್ಲ, ಬಾಯಿಗೆ ಬೀಗವಿಲ್ಲ ಅಷ್ಟೇ. ತಿಂಗಳಾದ ಮೇಲೆ ಬ್ಲೌಸ್ ಹೊಲಿಸಲು ಬಂದವಳು ಮಾತಿಗೆ ಮಾತು ಬಂದು ಹೇಳಿಬಿಟ್ಟಳು. ಮರುದಿನ ಬೆಳಿಗ್ಗೆ ಅವನು ಕೆಲಸಕ್ಕೆ ಹೊರಡುವಾಗ ಟೈಲರಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಭಾವ, ಎಂಟು ಸದ್ದು ಕೇಳಿದಾಗ ಟೀ ಅಂಗಡಿ ರೇಡಿಯೋದಲ್ಲಿ ವಾರ್ತೆ ಶುರುವಾಗಿತ್ತಂತೆ. ಹತ್ತು ನಿಮಿಷದ ವಾರ್ತೆ. ಆಮೇಲೆ ಎರಡು ಹಾಡು. ಎರಡನೇ ಹಾಡು ಮುಗಿಯೋದ್ರೊಳಗೆ ಒಂಬತ್ತನೇ ಸದ್ದು ಬಂತಂತೆ. ಎಲ್ಲಿ ಹೋಯ್ತು ಅರ್ಧ ಗಂಟೆ?"

"ಟೀ ಅಂಗಡಿ ಮಾತು ಕಟ್ಟಿಕೊಂಡು..."

"ನಾನೂ ಬೈದೆ ಅವಳಿಗೆ. ಬೈದ ಮೇಲೆ ನಿದ್ದೆ ಬರ್ಲಿಲ್ಲ." ಅವಳ ಕಣ್ಣು ಅವನ ಮಣಿಕಟ್ಟಿಗೆ ಇಳಿಯಿತು. "ನಿಮ್ಮ ಗಡಿಯಾರ ಕೆಟ್ಟಿತ್ತಾ? ಕೆಟ್ಟಿದ್ರೆ ಹೇಳಿಬಿಡಿ. ಅದು ನಿಮ್ಮ ತಪ್ಪಲ್ಲ, ನಾನು ಯಾವತ್ತೂ ನಿಮ್ಮನ್ನ ದೂರಲ್ಲ. ಸಂಜೆ ನನ್ನ ಟೇಬಲ್ ಗಡಿಯಾರದ ಪಕ್ಕ ಇಟ್ಟು ನೋಡೋಣ. ಕೆಟ್ಟಿದ್ರೆ ಪೇಟೇಲಿ ತೋರಿಸಿ, ಏನಾಗಿತ್ತು ಅಂತ ಬರೆಸಿಕೊಂಡು ಬರ್ತೀನಿ. ನನಗೆ ಗೊತ್ತಾಗಬೇಕು ಭಾವ."

ಪಾರಾಗುವ ಬಾಗಿಲನ್ನು ಅವಳೇ ತೆರೆದು ಹಿಡಿದಿದ್ದಳು. ಅವನು ಸುಮ್ಮನೆ ಕೈ ಚಾಚಿ ಓಡುವ ಗಡಿಯಾರ ತೋರಿಸಿದ್ದರೆ ಸಾಕಿತ್ತು.

"ಆಗ್ಲಮ್ಮ, ಸಂಜೆ ನೋಡೋಣ," ಎಂದ.

ಅಂದು ಅವನು ಕ್ವಾರಿಗೆ ಹೋಗದೆ ಮತ್ತೆ ಪೇಟೆಗೆ ಹೋದ. ರಿಪೇರಿಯವನು ಗಡಿಯಾರವನ್ನು ಒಂದು ನೀಲಿ ಪೆಟ್ಟಿಗೆಯ ಮೇಲಿಟ್ಟು ಗುಂಡಿ ಒತ್ತಿ, ಮೆಲ್ಲಗೆ ಮೇಲೆತ್ತಿದ. ಹೇಳಿದಂತೆ ಎರಡೇ ಸೆಕೆಂಡು. ದಿಕ್ಸೂಚಿಯ ಮುಳ್ಳು ಈಗ ಅಲುಗಲಿಲ್ಲ. "ಅಯಸ್ಕಾಂತ ಹಿಡಿದಿತ್ತು ಅಂತ ಇನ್ನು ಯಾರಿಗಾದ್ರೂ ಗೊತ್ತಾಗುತ್ತಾ?" ಎಂದು ಟೈಮಣ್ಣ ಕೇಳಿದ. "ದೇವರಿಗೂ ಗೊತ್ತಾಗಲ್ಲ" ಎಂದು ರಿಪೇರಿಯವನು ತನ್ನ ಕೈಚಳಕಕ್ಕೆ ತಾನೇ ಹಿಗ್ಗಿದ.

ಸಂಜೆ ಅವನ ಕೋಣೆಯ ಮೇಜಿನ ಮೇಲೆ ಎರಡು ಗಡಿಯಾರ ಅಕ್ಕಪಕ್ಕ ಕೂತವು. ಮಗು ಒಳಗೆ ಚಿಂದಿ ಬಟ್ಟೆಯಲ್ಲಿ ಆಡುತ್ತಿತ್ತು. ಟೈಲರಮ್ಮ ಮೂವತ್ತು ನಿಮಿಷ ನೋಡುತ್ತೇನೆ ಎಂದಳು. ಮೊದಲ ಹತ್ತು ನಿಮಿಷ ಸರಿಯಿತು. ಇಷ್ಟು ಉದ್ದವೇ ಹತ್ತು ನಿಮಿಷ ಎಂದು ಟೈಮಣ್ಣನಿಗೆ ಅನ್ನಿಸಿತು. ಅಂದು ಬಂಡೆಯ ಮರೆಯಲ್ಲಿ ಹೊತ್ತು ಬೇಗ ಸರಿದದ್ದು ತನಗೇಕೆ ತಿಳಿಯಲಿಲ್ಲ? ಬಿಸಿಲು ತಿಳಿಸಲಿಲ್ಲ, ಹಸಿವು ತಿಳಿಸಲಿಲ್ಲ. ಇಪ್ಪತ್ತೆರಡು ವರ್ಷ ಗಡಿಯಾರವನ್ನೇ ನಂಬಿ ತನ್ನ ಮೈಯನ್ನು ಕೇಳುವುದನ್ನೇ ಮರೆತಿದ್ದ.

"ಕೈ ನೋವು ಹೇಗಿದೆ?" ಎಂದು ಅವಳು ಇದ್ದಕ್ಕಿದ್ದಂತೆ ಕೇಳಿದಳು. "ಪಟ್ಟಿ ಕಾಣ್ತಿಲ್ಲ."

"ಡಬ್ಬೀಲಿದೆ. ಕಡಿಮೆಯಾಯ್ತು. ಒಳ್ಳೇ ಪಟ್ಟಿ."

ಇಪ್ಪತ್ತು ನಿಮಿಷವಾಯಿತು. ತಮ್ಮ ಎದ್ದು ಹೋದ ಹೊತ್ತು. ಟೈಮಣ್ಣನ ಬೆರಳುಗಳು ಮೇಜಿನ ಅಂಚನ್ನು ಹಿಡಿದಿದ್ದವು. ಇನ್ನೂ ಹತ್ತು ನಿಮಿಷ ಉಳಿದಿತ್ತು, ತಮ್ಮನಿಗೆ ಸಿಗಬೇಕಾಗಿದ್ದ ಹತ್ತು. ಅದನ್ನು ಅವನು ಮುಳ್ಳಿನ ಜೊತೆ ಒಂದೊಂದಾಗಿ ದಾಟಿದ.

ಮೂವತ್ತಕ್ಕೆ ಎರಡೂ ಗಡಿಯಾರ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಗೆರೆ ಮುಟ್ಟಿದವು.

"ಸರಿಯಾಗೇ ಇದೆ," ಎಂದಳು ಟೈಲರಮ್ಮ. ಎರಡನ್ನೂ ಮತ್ತೊಮ್ಮೆ ನೋಡಿದಳು. "ಗಡಿಯಾರ ಸರಿಯಾಗೇ ಇದೆ. ಹಾಗಾದ್ರೆ..."

"ಹೌದಮ್ಮ. ನಾನೇ ಅವಸರ ಮಾಡಿದೆ. ಇಪ್ಪತ್ತಕ್ಕೇ ಕಳಿಸಿದೆ."

"ಯಾಕೆ?"

ದಿನವಿಡೀ ಸುಳ್ಳು ಹೊಂದಿಸಿದವನು ಇದೊಂದನ್ನು ಹೊಂದಿಸಿಕೊಂಡಿರಲಿಲ್ಲ. ಊಟ ಆರುತ್ತಿತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆ ಊಟ ತಂದವಳು ಅವಳೇ. ನುಂಗಿಕೊಂಡ.

"ಬಿಸಿಲಿತ್ತು. ಕೂತು ಕೂತು ಬೇಜಾರಾಯ್ತು."

"ಬೇಜಾರಾಯ್ತು," ಎಂದು ಅವಳು ಅವನ ಮಾತನ್ನೇ ಮೆಲ್ಲಗೆ ಹೇಳಿದಳು.

"ಆಫೀಸಿಗೆ ಹೇಳು. ನಾನೂ ಬಂದು ಒಪ್ಕೋತೀನಿ."

ಅವಳು ಎದ್ದು ಅವನ ಕಪಾಟಿನ ಡಬ್ಬಿ ತೆಗೆದು ಮೇಜಿನ ಮೇಲೆ ಬೋರಲು ಹಾಕಿದಳು. ಮೊಳೆ, ಸ್ಕ್ರೂ ಮೈತುಂಬ ಕಚ್ಚಿಕೊಂಡು ಪಟ್ಟಿ ಈಚೆ ಬಿತ್ತು. "ನನ್ನ ಕೈಯಾರೆ ಕಟ್ಟಿದ್ದು ನಿಮ್ಮ ಮನೇಲಿರೋದು ಬೇಡ" ಎಂದು ಅದನ್ನೆತ್ತಿ, ಅಂಟಿದ ಮೊಳೆಗಳನ್ನು ಒಂದೊಂದಾಗಿ ಕಿತ್ತು ಹಾಕತೊಡಗಿದಳು. ಪಟ್ಟಿ ಹಿಡಿದ ಅವಳ ಕೈ ಗಡಿಯಾರದಿಂದ ಗೇಣುದ್ದ ದೂರದಲ್ಲಿತ್ತು. ಆಮೇಲೆ ಅಷ್ಟೂ ದೂರವಿರಲಿಲ್ಲ.

ಟೈಮಣ್ಣ ಹಾರಿ ಗಡಿಯಾರವನ್ನು ಬಾಚಿಕೊಂಡು ಎದೆಗೆ ಒತ್ತಿಕೊಂಡ.

ಟೈಲರಮ್ಮ ಅವನನ್ನೇ ನೋಡಿದಳು. ಅಂಥ ನೋಟವನ್ನು ಅವನು ಶತ್ರುವಿನ ಕಣ್ಣಲ್ಲೂ ಕಂಡವನಲ್ಲ.

"ಈಗಲೂ ನಿಮಗೆ ಗಡಿಯಾರದ್ದೇ ಚಿಂತೆ," ಎಂದಳು. "ಕಟ್ಟಿಕೊಳ್ಳಿ. ಸಾಯೋವರೆಗೂ ಕಟ್ಟಿಕೊಂಡಿರಿ."

ಪಟ್ಟಿಯನ್ನೂ ತನ್ನ ಟೇಬಲ್ ಗಡಿಯಾರವನ್ನೂ ಎತ್ತಿಕೊಂಡು ಒಳಗೆ ಹೋದಳು. ನಡುವಿನ ಬಾಗಿಲಿನ ಚಿಲಕ ಆ ಮನೆಯಲ್ಲಿ ಮೊದಲ ಸಲ ಬಿತ್ತು. ಅಂದು ಊಟದ ತಟ್ಟೆ ಬರಲಿಲ್ಲ, ಅವನೂ ಕಾಯಲಿಲ್ಲ.

ಬೆಳಿಗ್ಗೆ ಆರಕ್ಕೆ ಕೀಲಿ ಕೊಟ್ಟು ಗಡಿಯಾರ ಕಟ್ಟಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತ. ಹಿತ್ತಲ ಕಡೆಯಿಂದ ಸುತ್ತಿಕೊಂಡು ಮಗು ದಿನದಂತೆ ಓಡಿಬಂತು. ಕೆನ್ನೆ ತಂದು ಗಡಿಯಾರಕ್ಕೆ ಇಟ್ಟಿತು.

"ದೊಡ್ಡಪ್ಪ, ಮತ್ತೆ ನಡೀತಿದೆ!"

"ಶ್ಶ್," ಎಂದ ಟೈಮಣ್ಣ. "ಅಮ್ಮನಿಗೆ ಹೇಳಬೇಡ."

ಒಳಗಿನಿಂದ ಟೈಲರಮ್ಮ ಮಗಳನ್ನು ಕೂಗಿದಳು. ಎರಡನೇ ಸಲ ಕೂಗಿದಾಗ ಮಗು ಎದ್ದು ಹೋಯಿತು. ಚಾಚಿದ ಕೈಯನ್ನು ಟೈಮಣ್ಣ ಮಡಿಲಿಗೆ ಎಳೆದುಕೊಳ್ಳಲಿಲ್ಲ, ಕ್ವಾರಿಯ ಮೊದಲ ಲಾರಿ ಬೀದಿಯಲ್ಲಿ ಹಾದುಹೋಗುವವರೆಗೂ ಹಾಗೇ ಕೂತಿದ್ದ.