ತೊಟ್ಟಿಯ ಹಿಂದಿನ ಸಾಲು

ನನಗೆ ನಲವತ್ತಾರು. ಅಕ್ಕನಿಗೆ ನಾನಿನ್ನೂ ಪುಟ್ಟಿ. ಅಕ್ಕ ಹೆಡ್‌ಮಿಸ್ಟ್ರೆಸ್ಸಾಗಿ ನಿವೃತ್ತಿಯಾದವಳು. ಶಾಲೆ ಬಿಟ್ಟರೂ ಗದರುವುದು ಬಿಟ್ಟಿಲ್ಲ. ಅವಳು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ ನಾನು ಹೊಲಿಗೆ ಕೆಲಸ ಬಿಟ್ಟು, ಒಂದು ಚೀಲ ಬಟ್ಟೆ ಹಿಡಿದು ಬಂದೆ. ಆರು ವಾರಕ್ಕೆಂದು ಬಂದವಳು ಐದು ತಿಂಗಳಾದರೂ ಇಲ್ಲೇ ಬಿದ್ದಿದ್ದೆ.

ಆಸ್ಪತ್ರೆಯಿಂದ ಮನೆಗೆ ಬಂದ ವಾರವೇ ಅಕ್ಕ ಹಿತ್ತಲಲ್ಲಿ ಬೀನ್ಸ್ ಹಾಕಿಸಿದಳು. ಮಾಮೂಲಿ ಬೀನ್ಸ್ ಅಲ್ಲ, ದೊಡ್ಡ ಬೀನ್ಸ್: ಹೆಬ್ಬೆರಳಿನಷ್ಟು ದಪ್ಪ ಕಾಯಿ, ಒಳಗೆ ಹತ್ತಿಯಂಥ ಮೆತ್ತೆ, ಅದರಲ್ಲಿ ಅಗಲವಾದ ಕಾಳು. ಗಿಡ ಗಾಳಿಗೆ ಬೀಳದಂತೆ ಸುತ್ತ ಕೋಲು ನೆಟ್ಟು ದಾರ ಕಟ್ಟಬೇಕು. ಬುಡದಲ್ಲಿ ಕಾಯಿ ಕಚ್ಚಿದ ಕೂಡಲೇ ತುದಿಯ ಕುಡಿ ಚಿವುಟಬೇಕು, ಇಲ್ಲದಿದ್ದರೆ ಕರಿ ಹೇನು ಮುತ್ತುತ್ತದೆ. ಇದನ್ನೆಲ್ಲ ಅಕ್ಕ ಅಡುಗೆಮನೆಯ ಕಿಟಕಿಯಲ್ಲಿ ಕೂತು ಹೇಳುತ್ತಿದ್ದಳು, ನಾನು ಮಾಡುತ್ತಿದ್ದೆ. ಹಿತ್ತಲಿಗೆ ನಾಲ್ಕು ಮೆಟ್ಟಿಲಿಳಿಯಬೇಕು. ಅವಳಿಗೆ ಬಚ್ಚಲಿಗೆ ಹೋಗಲೂ ನನ್ನ ಹೆಗಲೇ ಬೇಕಿತ್ತು; ಆಸ್ಪತ್ರೆಯವರು ಕೊಟ್ಟ ಊರುಗೋಲು ಮಂಚಕ್ಕೆ ಒರಗಿಯೇ ಇರುತ್ತಿತ್ತು.

"ಬೀನ್ಸ್ ಕಿತ್ತ ಮೇಲೆ ಹೋಗುವಿಯಂತೆ ಪುಟ್ಟಿ. ಅಷ್ಟರಲ್ಲಿ ನಾನೂ ಎದ್ದು ಓಡಾಡ್ತೀನಿ."

ನಾನು ಕಾಯಿಗಳನ್ನು ದಿನಾ ಬೆರಳಲ್ಲಿ ಒತ್ತಿ ನೋಡುತ್ತಿದ್ದೆ. ಬೇರೆ ಊರಿನಲ್ಲಿ ಗೆಳತಿಯೊಬ್ಬಳು ಹೊಲಿಗೆ ಅಂಗಡಿ ತೆರೆದು, ಒಂದು ಮಷಿನ್ ನನಗಂತಲೇ ಖಾಲಿ ಇಟ್ಟಿದ್ದಳು. "ಸೋಮವಾರ ಕೊನೆ ಕಣೇ, ಆಮೇಲೆ ಬೇರೆಯವರನ್ನ ಕೂರಿಸ್ತೀನಿ. ಶನಿವಾರ ಫೋನ್ ಮಾಡ್ತೀನಿ, ಬರ್ತೀಯೋ ಇಲ್ವೋ ಹೇಳಿಬಿಡು," ಅಂದಿದ್ದಳು.

ಶನಿವಾರ ಕೊನೆಯ ಬುಟ್ಟಿ ಕಿತ್ತೆ. ಗಿಡಗಳನ್ನು ಬುಡಕ್ಕೆ ಕತ್ತರಿಸಿ, ಕೋಲುಗಳನ್ನು ಕಟ್ಟಿ, ನೀರಿನ ತೊಟ್ಟಿಯ ಹಿಂದೆ ಇಡಲು ಹೋದೆ. ಅಲ್ಲಿ ಗೇಣುದ್ದದ ಬೀನ್ಸ್ ಸಸಿಗಳು ಸಾಲಾಗಿ ನಿಂತಿದ್ದವು. ನಾನಂತೂ ಬಿತ್ತಿರಲಿಲ್ಲ. ಪಕ್ಕದಲ್ಲಿ ಇನ್ನೊಂದು ಸಾಲಿಗೆ ಹೊಸದಾಗಿ ಕುಳಿ ಬಿದ್ದಿತ್ತು, ದುಂಡಗೆ, ಎಲ್ಲ ಒಂದೇ ಅಳತೆ. ಅಕ್ಕನ ಊರುಗೋಲಿನ ರಬ್ಬರ್ ತುದಿಯ ಅಳತೆ.

ನನಗೆ ಮೈಯೆಲ್ಲ ಉರಿದುಹೋಯಿತು. ಮಣ್ಣುಗೈಯಲ್ಲೇ ಒಳಗೆ ಬಂದೆ.

"ಎಷ್ಟು ದಿನದಿಂದ ನಡೀತಿದ್ದೀಯ?"

ಅಕ್ಕ ಕಾಳು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಎರಡು ತಿಂಗಳು. ನೀನು ಅಂಗಡಿಗೆ ಹೋದಾಗ."

"ನಾನಿಲ್ಲಿ ಕೊಳೀತಿದ್ದೀನಲ್ಲಕ್ಕಾ! ಬಾಯಿ ಬಿಟ್ಟು ಒಂದು ಮಾತು ಹೇಳೋಕೇನಾಗಿತ್ತು?"

"ಹೇಳಿದ್ರೆ ನೀನು ಹೊರಟುಹೋಗ್ತಿದ್ದೆ. ಈ ಮನೇಲಿ ಒಬ್ಬಳೇ ಇರೋಕೆ ನನಗೆ ಭಯ."

ಇಡೀ ಶಾಲೆಯನ್ನೇ ನಡುಗಿಸಿದವಳ ಬಾಯಲ್ಲಿ ಈ ಮಾತು! ಕನಿಕರವೇನೋ ಬಂತು, ಸಿಟ್ಟು ಮಾತ್ರ ಇಳಿಯಲಿಲ್ಲ. "ನಾಳೆನೇ ಹೊರಡ್ತೀನಿ," ಅಂದೆ.

"ಹೊರಡು. ಆದ್ರೆ ನಿನಗೆ ಗೊತ್ತಿರಲಿಲ್ಲ ಅಂತ ಮಾತ್ರ ಹೇಳಬೇಡ ಪುಟ್ಟಿ. ನನ್ನ ಚಪ್ಪಲಿಗೆ ಮೆತ್ತಿದ ಮಣ್ಣನ್ನ ಎರಡು ತಿಂಗಳಿಂದ ತೊಳೀತಿದ್ದೋಳು ಯಾರು?"

ನಾನೇ. ವಾರಕ್ಕೆರಡು ಸಲ ಹಳೇ ಬ್ರಷ್ಷಿನಿಂದ ಉಜ್ಜಿ, ಬಿಸಿಲಿಗಿಟ್ಟು, ಮಂಚದ ಪಕ್ಕ ಜೋಡಿಸಿಡುತ್ತಿದ್ದೆ. ಮೆಟ್ಟಿಲಿಳಿಯಲಾಗದವಳ ಚಪ್ಪಲಿಗೆ ಮಣ್ಣು ಎಲ್ಲಿಂದ ಬಂತೆಂದು ಒಮ್ಮೆಯೂ ಯೋಚಿಸಲಿಲ್ಲ. ಯೋಚಿಸಿದ್ದರೆ ಹೊರಡಬೇಕಾಗುತ್ತಿತ್ತು. ಹೊಸ ಊರು, ಹೊಸ ಅಂಗಡಿ, ಈ ವಯಸ್ಸಿನಲ್ಲಿ. ಭಯ ನನಗೂ ಇತ್ತು.

ಫೋನ್ ಬಡಿದುಕೊಂಡಿತು. ಗೆಳತಿ. "ಬರ್ತೀಯ ತಾನೆ?"

ಅಕ್ಕನ ಕೈ ಕಾಳಿನ ಮೇಲೆಯೇ ನಿಂತಿತ್ತು.

"ತೊಟ್ಟಿ ಹಿಂದೆ ಇನ್ನೊಂದು ಸಾಲು ಬಂದಿದೆ ಕಣೇ," ಅಂದೆ. "ಅದಕ್ಕಿನ್ನೂ ಕೋಲು ನೆಟ್ಟಿಲ್ಲ."